ಉಚ್ಚಂಗೆಮ್ಮ ಕೊರಿಯಾದ ಬಸ್ಸು ಹತ್ತಿದ್ದು

ಕೊರಿಯಾ ದೇಶಕ್ಕೂ ನಮ್ಮ ಕಾನಹೊಸಹಳ್ಳಿಗೂ ಏನು ನಂಟು ಎಂದು ಈಗಿನ ಹುಡುಗರು ನನ್ನನ್ನು ಕೇಳುತ್ತಾರೆ. ಕೈಯಲ್ಲಿ ಫೋನು ಹಿಡಿದು, ಆ ದೇಶದ ಹಾಡು, ಆ ದೇಶದ ಧಾರಾವಾಹಿ ಎಂದು ಕಣ್ಣು ಕೆಂಪಗೆ ಮಾಡಿಕೊಂಡವರು ಅವರು. ಕೊರಿಯಾವನ್ನು ತಾವೇ ಮೊದಲು ಕಂಡುಹಿಡಿದಂತೆ ಮಾತಾಡುತ್ತಾರೆ. ನಾನು ಹೇಳುತ್ತೇನೆ: ನಂಟು ಇದೆ ಕಣ್ರಪ್ಪಾ, ಅದೂ ಬೀಗರ ನಂಟು. ನೀವು ತೊಟ್ಟಿಲಲ್ಲಿ ಇದ್ದಾಗಲೇ ಕೊರಿಯಾದ ರಕ್ಕಸ ನಮ್ಮೂರಿಗೆ ಬಂದಿದ್ದ, ಆರತಿ ಎತ್ತಿಸಿಕೊಂಡು ಹೋಗಿದ್ದ. ನಮ್ಮೂರ ಹೆಣ್ಣುಮಗಳೊಬ್ಬಳು ಕೊರಿಯಾದ ಬಸ್ಸು ಹತ್ತಿ ಹೋಗಿ ಇದೇ ಕಾನಹೊಸಹಳ್ಳಿಯಲ್ಲಿ ಇಳಿದಿದ್ದಳು. ಇದನ್ನು ಹೇಳಿದರೆ ಅವರು ನಗುತ್ತಾರೆ. ನಗಲಿ, ನಗುವ ವಯಸ್ಸು.

ಆಗ ನನ್ನದು ಹೆದ್ದಾರಿ ಪಕ್ಕದಲ್ಲಿ ಎಸ್‌ಟಿಡಿ ಬೂತು. ಮೊಬೈಲು ಇನ್ನೂ ಕಂಟ್ರಾಕ್ಟರುಗಳ ಜೇಬಿನಲ್ಲಿ ಮಾತ್ರ ಇದ್ದ ಕಾಲ. ಊರಿನ ಹೆರಿಗೆ, ಸಾವು, ನಿಶ್ಚಿತಾರ್ಥ ಎಲ್ಲವೂ ನನ್ನ ಗಾಜಿನ ಡಬ್ಬಿಯೊಳಗಿಂದಲೇ ಹಾದುಹೋಗಬೇಕಿತ್ತು. ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಅದು ಬಡಗಿಯ ತಪ್ಪು, ನನ್ನದಲ್ಲ.

ಬೂತಿನ ಮೇಲಿನ ಕೋಣೆಯಲ್ಲಿ ಹುಲುಗೇಶ ಕೇಬಲ್ ಟೀವಿ ನಡೆಸುತ್ತಿದ್ದ. ಬೂತಿನ ಪಕ್ಕದಲ್ಲಿ ಗಾದಿಲಿಂಗಪ್ಪನ ಮೈಕ್ ಸೆಟ್ ಅಂಗಡಿ. ಮದುವೆ ಇರಲಿ, ಮುಂಜಿ ಇರಲಿ, ಎಲೆಕ್ಷನ್ ಇರಲಿ, ಗಾದಿಲಿಂಗಪ್ಪನ ಕೊಂಬು ಕೂಗದೆ ನಡೆಯುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವನು ನಮ್ಮೂರ ದೊಡ್ಡಾಟದ ಸಾರಥಿ. ದೊಡ್ಡಾಟ ನೋಡದವರಿಗೆ ಹೇಳುತ್ತೇನೆ: ರಂಗಕ್ಕೆ ಯಾವ ಪಾತ್ರ ಬಂದರೂ ಸಾರಥಿ ಅಡ್ಡ ನಿಂತು ಕೇಳಬೇಕು. ನೀವು ಯಾರು, ನಿಮ್ಮ ಊರು ಯಾವುದು, ಬಂದ ಕಾರಣವೇನು? ದೇವೇಂದ್ರನೇ ಬರಲಿ, ಹೊಟ್ಟೆಹಸಿದ ರಕ್ಕಸನೇ ಬರಲಿ, ಈ ಮೂರಕ್ಕೂ ಉತ್ತರ ಕೊಡದೆ ಒಂದು ಹೆಜ್ಜೆ ಮುಂದಿಡುವಂತಿಲ್ಲ. ನಮ್ಮ ಕಡೆಯ ಜನ ಇದನ್ನು ಆಟಕ್ಕೆ ಮಾತ್ರ ಬಿಟ್ಟವರಲ್ಲ, ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಹಾಗೆಯೇ ಕೇಳುತ್ತಾರೆ.

ಗಾದಿಲಿಂಗಪ್ಪನಿಗೆ ಒಂದೇ ಒಂದು ಚಟವಿತ್ತು, ಮಧ್ಯಾಹ್ನದ ನಿದ್ದೆ. ಅವನ ಹೆಂಡತಿ ಉಚ್ಚಂಗೆಮ್ಮ ಹೊಳಲಿನವಳು. ಆ ಊರಲ್ಲಿ ಅನಂತಶಯನನ ಗುಡಿ ಇದೆಯಲ್ಲ, ಹಾಗಾಗಿ ಗಂಡ ಅಂಗಡಿಯ ಬೆಂಚಿನ ಮೇಲೆ ಉದ್ದಕ್ಕೆ ಬಿದ್ದಾಗಲೆಲ್ಲ ಬಂದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. “ನಮ್ಮೂರಾಗೂ ಒಬ್ಬಾತ ಮಲಗ್ಯಾನ. ಆತ ದೇವರು. ನೀವ್ಯಾರು?” ಗಾದಿಲಿಂಗಪ್ಪ ಮಗ್ಗುಲು ಬದಲಿಸುತ್ತಿದ್ದ. ಗಂಡಹೆಂಡಿರ ನಡುವೆ ಇದ್ದ ದೊಡ್ಡ ಜಗಳವೆಂದರೆ ಇದೇ.

ಆ ವರ್ಷ ಉಚ್ಚಂಗೆಮ್ಮ ತಂಗಿಯ ಬಾಣಂತನಕ್ಕೆಂದು ಹೊಳಲಿಗೆ ಹೋದಳು. ಬಸ್ಸು ಹತ್ತಿಸಿದವನು ಗಾದಿಲಿಂಗಪ್ಪನೇ, ಚೀಲ ಮೇಲೆ ಎಸೆದವನು ನಾನೇ. ಆಕೆ ಕಿಟಕಿಯಿಂದ ತಲೆ ಹಾಕಿ, “ಉಪ್ಪಿನಕಾಯಿ ಗಡಿಗಿಗೆ ಒದ್ದಿ ಚಮಚ ಹಾಕಬ್ಯಾಡ್ರಿ” ಎಂದು ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಮುನಿಸಿಕೊಂಡು ಹೋಗುವ ಹೆಂಗಸು ಉಪ್ಪಿನಕಾಯಿಯ ಚಿಂತೆ ಮಾಡುವುದಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಊರೇ ಇದನ್ನು ಮರೆಯುತ್ತದೆ.

ಇದೇ ಸಮಯಕ್ಕೆ ಹುಲುಗೇಶ ಹೊಸಪೇಟೆಯಲ್ಲಿ ಮುಚ್ಚುತ್ತಿದ್ದ ಒಂದು ಅಂಗಡಿಯಿಂದ ಒಂದು ರಟ್ಟಿನ ಡಬ್ಬಿ ತುಂಬ ಸಿಡಿ ಹೊತ್ತು ತಂದ. ತೆಲುಗು ಪಿಕ್ಚರ್ ಎಂದು ತಂದದ್ದು. ಬಿಚ್ಚಿ ನೋಡಿದರೆ ಎಲ್ಲಾ ಕೊರಿಯಾದವು. ಮೇಲಿನ ಒಂದು ಸಾಲು ಮಾತ್ರ ತೆಲುಗು, ಅದೂ ಭಕ್ತಿಗೀತೆ. ಭಾನುವಾರ ಮಧ್ಯಾಹ್ನ ಊರಿಗೆ ಊರೇ ಕೇಬಲ್ ಮುಂದೆ ಕೂರುವ ಹೊತ್ತು. ಹಾಕಿದ್ದ ಪಿಕ್ಚರನ್ನೇ ಹಾಕಿ ಹಾಕಿ ಹುಲುಗೇಶನ ಮಾನ ಹೋಗಿತ್ತು. ಧೈರ್ಯ ಮಾಡಿ ಒಂದು ಕೊರಿಯಾ ಸಿಡಿ ತೂರಿಸಿದ. ಅರ್ಧ ತಾಸಿನಲ್ಲಿ ಜನ ಬೂತಿನ ಮುಂದೆ ಬಂದು ನಿಂತರು.

“ಏನ್ ಮಾತಾಡಾಕ ಹತ್ಯಾರ ಅವರು? ಒಂದೂ ತಿಳೀವಲ್ದು!”

“ಕೆಳಗ ಇಂಗ್ಲಿಷಿನ್ಯಾಗ ಬರ್ತೈತಲ್ಲ, ಓದ್ರಿ,” ಎಂದ ಹುಲುಗೇಶ.

“ಓದಾಕ ಬರ್ತಿದ್ರ ಟೀವಿ ಯಾಕ ನೋಡ್ತಿದ್ವಿ?”

ಆಗ ಬೆಂಚಿನ ಮೇಲಿಂದ ಗಾದಿಲಿಂಗಪ್ಪ ಎದ್ದು ಕೂತ. ಅವನು ಎದ್ದು ಕೂತದ್ದೇ ತಪ್ಪಾಯಿತು. “ಕೊರಿಯಾ ಭಾಷಾ ಏನು ಮಹಾ? ನನಗ ಬರ್ತೈತಿ,” ಎಂದ.

ಬರುತ್ತಿತ್ತೇ? ಕೆಲವು ವರ್ಷಗಳ ಹಿಂದೆ ತೋರಣಗಲ್ಲಿನ ಕಡೆ ಯಾವುದೋ ಕಾರ್ಖಾನೆಯ ಭೂಮಿಪೂಜೆಗೆ ಗಾದಿಲಿಂಗಪ್ಪನ ಮೈಕು ಹೋಗಿತ್ತು. ಕೊರಿಯಾದ ಒಬ್ಬ ಎಂಜಿನಿಯರು ಅದರಲ್ಲಿ ಸುಮಾರು ಹೊತ್ತು ಭಾಷಣ ಮಾಡಿದ್ದ. ಅಂದಿನಿಂದ ಗಾದಿಲಿಂಗಪ್ಪ, “ಕೊರಿಯಾದವರು ನನ್ನ ಮೈಕಿನ್ಯಾಗ ಮಾತಾಡ್ಯಾರ” ಎಂದು ಹೇಳುತ್ತಿದ್ದ. ವರ್ಷ ಕಳೆದಂತೆ ಅದು “ನನ್ನ ಕೂಡ ಮಾತಾಡ್ಯಾರ” ಎಂದಾಯಿತು. ಈಗ “ಬರ್ತೈತಿ” ಎಂಬಲ್ಲಿಗೆ ಮುಟ್ಟಿತ್ತು.

ಹುಲುಗೇಶ ತಡಮಾಡಲಿಲ್ಲ. ಸಿಡಿಯ ದನಿ ಕಡಿಮೆ ಮಾಡಿ, ಗಾದಿಲಿಂಗಪ್ಪನ ಮೈಕನ್ನು ಕೇಬಲ್ಲಿಗೆ ಜೋಡಿಸಿ, ಅವನನ್ನು ಮೇಲೆ ಕೂರಿಸಿದ. ಮನೆಯಲ್ಲಿ ಟೀವಿ ಇಲ್ಲದವರಿಗೆಂದು ನನ್ನ ಬೂತಿನ ಮುಂದೆ ಒಂದು ಟೀವಿ ಇಟ್ಟ. ಆಮೇಲೆ ಟೀವಿ ಇದ್ದವರೂ ಅಲ್ಲಿಗೇ ಬಂದರು. ಕೆಳಗಿಂದ ಕೂಗಿದರೆ ಮೇಲಿನ ಕಿಟಕಿಗೆ ಕೇಳುತ್ತಿತ್ತಲ್ಲ, ಅದಕ್ಕೆ.

ಮುಂದಿನ ಭಾನುವಾರದ ಸಿನಿಮಾದಲ್ಲಿ ಹೊಳೆಯೊಳಗಿಂದ ಒಂದು ರಕ್ಕಸ ಎದ್ದು ಬಂತು. ಮೈಯೆಲ್ಲ ಹುರುಪೆ, ಮೊಸಳೆಗೂ ಎಮ್ಮೆಗೂ ಹುಟ್ಟಿದಂಥ ಮುಖ, ಪೇಟೆಯ ಅಗಲದಷ್ಟು ಬಾಯಿ. ಮೈಕಿನಲ್ಲಿ ಗಾದಿಲಿಂಗಪ್ಪನ ಸಾರಥಿ ಕಂಠ ಮೊಳಗಿತು.

“ಭಲೈ! ಭಲೈ! ಈ ಸಭಾಸ್ಥಾನಕ್ಕೆ ಬಂದಂಥ ತಾವು ದಾರು? ತಮ್ಮ ನಾಮಾಂಕಿತವೇನು? ಸ್ಥಳ ಯಾವುದು? ಬಂದ ಕಾರಣವೇನು?”

ರಕ್ಕಸ ಬಾಯಿ ತೆರೆದು ಗರ್ಜಿಸಿತು. ಗಾದಿಲಿಂಗಪ್ಪ ಅದನ್ನು ಕನ್ನಡಕ್ಕೆ ಇಳಿಸಿದ. “ಎಲೈ ಸಾರಥಿ, ನಾನು ಜಲಕಂಟಕಾಸುರ! ನನ್ನ ಸ್ಥಳ ಹಲವಾಗಲದ ಹೊಳೆ! ಹಸಿವೆಯೇ ಬಂದ ಕಾರಣ!”

ಚಪ್ಪಾಳೆ, ಸಿಳ್ಳು. ಮುಂದಿನ ಸಾಲಿನಲ್ಲಿದ್ದ ಜಂಬಕ್ಕ, ನಮ್ಮೂರಲ್ಲಿ ನಡೆಯುವುದೆಲ್ಲವೂ ತನ್ನ ಮನೆಯ ವಿಷಯವೆಂದು ತಿಳಿದ ಹೆಂಗಸು, ಓಡಿಹೋಗಿ ಆರತಿ ತಟ್ಟೆ ತಂದಳು. ದೊಡ್ಡಾಟದಲ್ಲಿ ರಕ್ಕಸ ರಂಗಕ್ಕೆ ಬಂದಾಗ ಆರತಿ ಎತ್ತಬೇಕು, ಕಾಯಿ ಒಡೆಯಬೇಕು. ಅದು ಪದ್ಧತಿ. ಕೊರಿಯಾದವನು ಎಂದು ಬಿಟ್ಟರೆ ನಾಳೆ ದೂರು ಬರಬಾರದು. ಕಾಯಿಯ ನೀರು ಟೀವಿಯ ಮೇಲೆ ಬಿದ್ದು ಚುಂಯ್ ಎಂದಿತು. ಹುಲುಗೇಶ ಮೇಲಿಂದ ಬೊಬ್ಬೆ ಹೊಡೆದ.

ಮರುದಿನ ನನ್ನ ಬೂತಿಗೆ ಹೊಳೆದಂಡೆಯ ಹಲವಾಗಲದಿಂದಲೇ ಫೋನು ಬಂತು. “ನಮ್ಮ ಹೊಳಿಯಾಗ ಏನೋ ಐತಂತಲ್ಲ, ಹೌದೇನ್ರಿ? ನಮ್ಮ ಹೆಣ್ಮಕ್ಕಳು ಬಟ್ಟಿ ಒಗಿಯಾಕ ಹೊಂಟಿಲ್ಲ.” ಇಲ್ಲ ಎಂದು ನಾನು ಹೇಳಿದೆ. “ನಿಮ್ಮೂರಾಗ ಎಲ್ರೂ ನೋಡ್ಯಾರಂತ?” ಎಂದರು. ನೋಡಿದ್ದು ನಿಜವಾದ್ದರಿಂದ ನಾನು ರಿಸೀವರು ಇಟ್ಟೆ.

ಗಾದಿಲಿಂಗಪ್ಪನಿಗೆ ನೆಲ ಕಾಣದಾಯಿತು. ಹೋಟೆಲಿನಲ್ಲಿ ಚಹಾ ಬಿಟ್ಟಿ. ಅಂಚೆ ಕಚೇರಿಯ ಅಂಜಿನೇಯಲು ಕೂಡ ಎದ್ದು ನಿಂತು ನಮಸ್ಕಾರ ಹೇಳಿದರು. ಗಾದಿಲಿಂಗಪ್ಪ ಮಧ್ಯಾಹ್ನದ ನಿದ್ದೆ ಬಿಟ್ಟ. ಉಚ್ಚಂಗೆಮ್ಮ ಇದ್ದಿದ್ದರೆ ಪೇಡ ಹಂಚುತ್ತಿದ್ದಳು.

ಅದರ ಮುಂದಿನ ಭಾನುವಾರವೇ ಎಡವಟ್ಟಾದದ್ದು. ಹುಲುಗೇಶ ಡಬ್ಬಿಯೊಳಗಿಂದ ಕೈಗೆ ಸಿಕ್ಕಿದ ಸಿಡಿ ಹಾಕಿದ. ಪರದೆಯ ಮೇಲೆ ಒಂದು ಅಡುಗೆಮನೆ. ಒಬ್ಬ ಗಂಡಸು ಶ್ಯಾವಿಗೆಯಂಥದ್ದನ್ನು ಎರಡು ಕಡ್ಡಿಯಲ್ಲಿ ಎತ್ತಿ ತಿನ್ನುತ್ತಿದ್ದಾನೆ. ಎದುರಿಗೆ ಒಬ್ಬ ಹೆಂಗಸು. ಆಕೆ ಅವನನ್ನು ನೋಡುತ್ತಾಳೆ, ಅವನು ಶ್ಯಾವಿಗೆಯನ್ನು ನೋಡುತ್ತಾನೆ. ಮಾತಿಲ್ಲ, ಕತೆಯಿಲ್ಲ. ಹೊರಗೆ ಮಳೆ.

“ಎಪ್ಪಾ ಗಾದಿಲಿಂಗಪ್ಪ, ರಕ್ಕಸ ಯಾವಾಗ ಬರ್ತಾನ?” ಎಂದು ಕೆಳಗಿಂದ ಜಂಬಕ್ಕ ಕೂಗಿದಳು.

“ಬರ್ತಾನ ತಡಿಯಬೇ, ಊಟ ಮುಗೀಲಿ,” ಎಂದು ಮೈಕು ಹೇಳಿತು.

ಊಟ ಮುಗಿಯಿತು. ಹೆಂಗಸು ತಟ್ಟೆ ತೊಳೆದಳು. ನಿಧಾನಕ್ಕೆ ತೊಳೆದಳು. ಒರೆಸಿದಳು. ಕಿಟಕಿಯ ಹೊರಗೆ ನೋಡಿದಳು. ಜನ ಮಿಸುಕಾಡತೊಡಗಿದರು. ದುರ್ಗಾದೇವಿ ಗುಡಿ ಕಟ್ಟೆಯ ಹಿರಿಯ ಜಂಬಯ್ಯ, ಊರ ಪಂಚಾಯ್ತಿಕೆಯನ್ನೆಲ್ಲ ಮಾಡುವವರು, ಕೋಲು ನೆಲಕ್ಕೆ ಕುಟ್ಟಿದರು. “ಲೇ ಸಾರಥಿ! ಪಾತ್ರ ಬಂದು ಇಷ್ಟ ಹೊತ್ತಾತು, ಹೆಸರು ಕೇಳಿಲ್ಲ ನೀನು. ಇದು ಯಾವ ಪದ್ಧತಿ?”

ಗಾದಿಲಿಂಗಪ್ಪ ಗಾಬರಿಯಾದ. “ಭಲೈ! ತಾಯಿ, ತಾವು ದಾರು? ಸ್ಥಳ ಯಾವುದು?” ಎಂದು ಕೇಳಿದ. ಕೇಳಿದ ಮೇಲೆ ಉತ್ತರವನ್ನೂ ಅವನೇ ಹೇಳಬೇಕಲ್ಲ. ರಕ್ಕಸನಿಗಾದರೆ ಎಂಥ ಹೆಸರಾದರೂ ನಡೆಯುತ್ತದೆ. ತಟ್ಟೆ ತೊಳೆಯುವ ಹೆಂಗಸಿಗೆ ಏನೆಂದು ಇಡುವುದು? ತಟ್ಟೆ ತೊಳೆಯುವ ಹೆಂಗಸೆಂದರೆ ಅವನಿಗೆ ಪ್ರಪಂಚದಲ್ಲಿ ಗೊತ್ತಿದ್ದವಳು ಒಬ್ಬಳೇ.

“ನಾನು ಉಚ್ಚಂಗೆಮ್ಮ,” ಎಂದಿತು ಮೈಕು. “ಸ್ಥಳ ಹೊಳಲು.”

ಕೆಳಗೆ ಹೆಂಗಸರು ಮುಖ ಮುಖ ನೋಡಿಕೊಂಡರು. “ಮತ್ತ ಆ ಗಂಡಸು ಯಾರು?” ಎಂದು ಜಂಬಕ್ಕ ಮೆಲ್ಲಗೆ ಕೇಳಿದಳು.

ಆಮೇಲೆ ಗಾದಿಲಿಂಗಪ್ಪ ನನ್ನ ಮುಂದೆ ಕಣ್ಣೀರು ಹಾಕುತ್ತ ಹೇಳಿದ್ದು ಇದು: “ಹೆಂಡ್ತಿ ಹೆಸರು ಕೊಟ್ಟುಬಿಟ್ಟಿದ್ನಲ್ಲ ಮಾರಾಯ. ಇನ್ನ ಗಂಡನ ಹೆಸರು ಬ್ಯಾರೆಯವರದು ಹೆಂಗ ಕೊಡ್ಲಿ? ಮರ್ಯಾದಿ ಪ್ರಶ್ನೆ ಅಲ್ಲೇನು?” ಅವನ ಕಡೆಯಿಂದ ನೋಡಿದರೆ ಅದೂ ಸರಿಯೇ. ಹಾಗಾಗಿ ಕೊರಿಯಾದ ಆ ಗಂಡಸು “ನಾನು ಕಾನಹೊಸಹಳ್ಳಿ ಗಾದಿಲಿಂಗಪ್ಪ” ಎಂದು ಹೇಳಿ ಮತ್ತೊಂದು ತುತ್ತು ಶ್ಯಾವಿಗೆ ನುಂಗಿದ.

ಅಲ್ಲಿಂದ ಮುಂದೆ ಕತೆ ಇಳಿಜಾರಿಗೆ ಬಿದ್ದ ಬಂಡಿಯಾಯಿತು. ಪರದೆಯ ಹೆಂಗಸು ಪೆಟ್ಟಿಗೆ ಇಳಿಸಿ ಬಟ್ಟೆ ತುಂಬತೊಡಗಿದಳು. “ಯಾಕ?” ಎಂದಿತು ಸಭೆ. ಕಾರಣ ಹೇಳದಿದ್ದರೆ ಜಂಬಯ್ಯ ಬಿಡುವುದಿಲ್ಲ. ಗಾದಿಲಿಂಗಪ್ಪ ತನ್ನ ಮನೆಯಲ್ಲಿ ದಿನಾ ಕೇಳುವ ಮಾತನ್ನೇ ಹೆಣ್ಣುದನಿಯಲ್ಲಿ ಹೇಳಿದ. “ಕರೆದ್ರ ಓ ಅನ್ನಂಗಿಲ್ಲ, ಹಗಲೆಲ್ಲಾ ಮಲಗಿರ್ತಾನ. ನಮ್ಮೂರಾಗ ಮಲಗಿದಾತಗಾದ್ರ ಪೂಜಾ ಮಾಡಿದ್ರ ಪುಣ್ಯ ಬರ್ತೈತಿ. ಈತಗ ಅಡಿಗಿ ಮಾಡಿದ್ರ ಏನ್ ಬರ್ತೈತಿ?” ಹೆಂಗಸರ ಸಾಲಿನಿಂದ “ಖರೇ ಐತಿ” ಎಂಬ ನಿಟ್ಟುಸಿರು ಬಂತು. ಪರದೆಯ ಹೆಂಗಸು ಮಳೆಯಲ್ಲಿ ಬಸ್ಸು ಹತ್ತಿದಳು. ಗಂಡ ತಲೆ ಎತ್ತಿ ಸಹ ನೋಡಲಿಲ್ಲ. ಬಸ್ಸು ಸೇತುವೆಯ ಕಡೆ ತಿರುಗಿತು. ಮೊದಲನೇ ಸಿಡಿ ಮುಗಿಯಿತು. ಹುಲುಗೇಶ ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಕರೆಂಟು ಹೋಯಿತು. ಅವತ್ತು ಮತ್ತೆ ಬರಲಿಲ್ಲ.

ಕರೆಂಟು ಬರದಿದ್ದರೂ ಸುದ್ದಿ ಹರಿಯಿತು. ಸಂಜೆಯೊಳಗೆ ಊರಲ್ಲಿ ಒಂದೇ ಮಾತು: ಉಚ್ಚಂಗೆಮ್ಮ ಗಂಡನನ್ನು ಬಿಟ್ಟು ಹೋಗಿದ್ದಾಳೆ, ಪಾಪ ಗಾದಿಲಿಂಗಪ್ಪ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಮೈಕಿನಲ್ಲಿ ಹೇಳಿಕೊಂಡ.

ಜಂಬಕ್ಕ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಹಿಡಿದು ಬಂದಳು. “ಉಣ್ಣಪ್ಪ. ಹೋದಾಕಿ ಹೋದ್ಲು, ಹೊಟ್ಟಿ ಏನ್ ಮಾಡೈತಿ?”

“ಬಾಣಂತನಕ್ಕ ಹೋಗ್ಯಾಳಬೇ!” ಎಂದ ಗಾದಿಲಿಂಗಪ್ಪ.

“ಹೂನಪ್ಪ. ಎಲ್ಲಾ ಗಂಡಸ್ರೂ ಮೊದಲ ಹಂಗ ಅಂತಾರ.”

“ಖರೇನ ಬಾಣಂತನ! ಇವನ್ನ ಕೇಳು, ಚೀಲ ಎತ್ತಿಕೊಟ್ಟಾನ,” ಎಂದು ನನ್ನನ್ನು ತೋರಿಸಿದ. ಜಂಬಕ್ಕ ನನ್ನತ್ತ ತಿರುಗಿದಳು. “ನೀನಾ ಕಳಿಸಿದಾವ?” ಎಂದಳು. ನಾನು ಬೂತಿನೊಳಗೆ ಹೋಗಿ ಬಾಗಿಲು ಎಳೆದುಕೊಂಡೆ. ಅದು ಸರಿಯಾಗಿ ಮುಚ್ಚಲಿಲ್ಲ.

ಅಂಜಿನೇಯಲು ಅಂಚೆ ಚೀಲ ಪಕ್ಕಕ್ಕಿಟ್ಟು ಬಂದು ಗಂಭೀರವಾಗಿ ಕೂತರು. “ಗಾದಿಲಿಂಗಪ್ಪ, ಇದು ಸಣ್ಣ ಸಂಗತಿ ಅಲ್ಲ. ಇದರಾಗ ಬ್ಯಾರೆ ದೇಶ ಬಂದೈತಿ. ಬ್ಯಾರೆ ದೇಶ ಅಂದ್ರ ಸೆಂಟ್ರಲ್ ಗೌರ್ಮೆಂಟು. ಹೊಸಹಳ್ಳ್ಯಾಗ ಸೆಂಟ್ರಲ್ ಗೌರ್ಮೆಂಟು ಅಂದ್ರ ನಾನಾ. ಹೇಳು, ನಾನೇನ್ ಮಾಡ್ಲಿ?” ಏನೂ ಮಾಡಬೇಡಿ ಎಂದು ಗಾದಿಲಿಂಗಪ್ಪ ಕೈ ಮುಗಿದ. ಏನೂ ಮಾಡದಿರುವುದು ತಮಗೆ ರೂಢಿಯೇ ಎನ್ನುವಂತೆ ಅವರು ಸಮಾಧಾನದಿಂದ ಎದ್ದುಹೋದರು.

ನಿಜ ಹೇಳುತ್ತೇನೆ, ಗಾದಿಲಿಂಗಪ್ಪನಿಗೆ ಮೊದಮೊದಲು ಇದು ಅಷ್ಟೇನೂ ಕಹಿಯಾಗಲಿಲ್ಲ. ಮನೆಮನೆಯಿಂದ ಪಲ್ಯ ಬರುತ್ತಿತ್ತು. ಎದುರುಮನೆಯ ಪಂಪಮ್ಮ ಹೋಳಿಗೆಯನ್ನೇ ಕಳಿಸಿದಳು. “ಇಲ್ಲ, ಆಕಿ ಬಿಟ್ಟು ಹೋಗಿಲ್ಲ” ಎಂದು ಹೇಳುವಾಗ ಅವನ ಬಾಯಿ ತುಂಬಿರುತ್ತಿತ್ತು, ಹಾಗಾಗಿ ಯಾರಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಆದರೆ ಸುದ್ದಿಗೆ ಕಾಲಿದೆ, ನಮ್ಮ ಕಡೆ ಅದು ಬಸ್ಸಿನಲ್ಲೂ ಹೋಗುತ್ತದೆ. ಕೂಡ್ಲಿಗಿ ದಾಟಿತು, ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ಚಹಾ ಕುಡಿಯಿತು, ಹಡಗಲಿಗೆ ಹೋಗಿ ಇನ್ನಷ್ಟು ದಪ್ಪವಾಗಿ ಹೊಳಲಿಗೆ ಮುಟ್ಟಿತು. ಬುಧವಾರ ಫೋನು ಬಂತು. ಗಾದಿಲಿಂಗಪ್ಪನನ್ನು ಕರೆದು ರಿಸೀವರು ಕೊಟ್ಟೆ. ಆ ಕಡೆಯ ದನಿ ರಿಸೀವರಿನ ಹೊರಗೇ ಕೇಳುತ್ತಿತ್ತು.

“ನಾನು ಮನಿ ಬಿಟ್ಟು ಓಡಿ ಬಂದೀನಂತ ಕೇಬಲ್ಲಿನ್ಯಾಗ ಹೇಳೀರಂತ?”

“ನಿನ್ನ ಅಲ್ಲಬೇ, ಆಕಿ ಕೊರಿಯಾದಾಕಿ...”

“ಕೊರಿಯಾದಾಕಿ ಹೆಸರು ಉಚ್ಚಂಗೆಮ್ಮ ಅಂತ ಯಾವಾಗ ಇಟ್ರು?”

“ಪಾತ್ರ ಬಂದು ನಿಂತಿತ್ತು. ಹೆಸರು ಕೇಳದ ಬಿಡಾಕ ಬರ್ತೈತೇನು?”

“ತಂಗಿ ಕೂಸಿಗೆ ಎಣ್ಣಿ ಹಚ್ಚಾಕತ್ತಿದ್ದೆ. ಸಂತಿಗೆ ಬಂದಾಕಿ ಒಬ್ಬಾಕಿ ನನ್ನ ಅಪ್ಪಿಕೊಂಡು ಅತ್ತಳು. ಯಾಕಂತ ನನಗ ಗೊತ್ತಿಲ್ಲ, ಆಕೀಗ ಗೊತ್ತೈತಿ! ಆ ಗಂಡಸು ಆಕಿ ಬಸ್ಸು ಹತ್ತಿದ್ರೂ ತಲಿ ಎತ್ತಿ ನೋಡಲಿಲ್ಲಂತ?”

“ಇಲ್ಲ.”

“ಯಾಕ ನೋಡಲಿಲ್ಲ?”

ಗಾದಿಲಿಂಗಪ್ಪ ರಿಸೀವರಿನ ವೈರನ್ನು ಬೆರಳಿಗೆ ಸುತ್ತಿದ. ಹೊಳಲಿನಲ್ಲಿ ಮೀಟರು ಓಡುತ್ತಿತ್ತು. “ನನಗೇನ್ ಗೊತ್ತು? ಶ್ಯಾವಿಗಿ ಚಲೋ ಇದ್ದಿರಬೇಕು,” ಎಂದ.

ಆ ಕಡೆಯಿಂದ ಬಂದ ದನಿ ತಣ್ಣಗಿತ್ತು. “ಬಾಣಂತನ ಮುಗದೈತಿ. ನಾಳೆ ಬರಾಕಿದ್ದೆ. ಈಗ ಬರಂಗಿಲ್ಲ. ನಿಮ್ಮ ಕತಿ ಹೆಂಗ ಮುಗೀತೈತಿ ನೋಡ್ತೀನಿ, ಆಮ್ಯಾಲ ವಿಚಾರ ಮಾಡ್ತೀನಿ.” ಫೋನು ಕುಕ್ಕಿದ ಸದ್ದು ನನ್ನ ಹಲ್ಲಿಗೆ ಬಡಿಯಿತು.

ಅವತ್ತು ಜಂಬಕ್ಕ ತಂದ ರೊಟ್ಟಿಯನ್ನು ಗಾದಿಲಿಂಗಪ್ಪ ಮುಟ್ಟಲಿಲ್ಲ. ಬೆಂಚಿನ ಮೇಲೆ ಮಲಗಿದ, ನಿದ್ದೆ ಬರಲಿಲ್ಲ. ಎದ್ದು ನನ್ನ ಹತ್ತಿರ ಬಂದು, “ಉಪ್ಪಿನಕಾಯಿ ಬೂಸಲು ಹಿಡಿದೈತಿ” ಎಂದ. ಇಡೀ ತಾಲ್ಲೂಕು ಮೊದಲೇ ನಂಬಿದ್ದ ಸುಳ್ಳು ಈಗ ನಿಜವಾಗಿ ಅವನ ಮನೆಬಾಗಿಲಿಗೆ ಬಂದು ಕೂತಿತ್ತು. ನನಗೂ ಅಂದು ಸಂಕಟವಾಯಿತು.

ಭಾನುವಾರ ಮಧ್ಯಾಹ್ನ ಒಂದು ಟ್ರಾಕ್ಸ್ ಜೀಪು ಬಂದು ಬೂತಿನ ಮುಂದೆ ನಿಂತಿತು. ಹೊಳಲಿನವರು. ಉಚ್ಚಂಗೆಮ್ಮನ ತಮ್ಮ ಪಾಲಣ್ಣ ಮೊದಲು ಧುಮುಕಿದ, ಅವನ ಹಿಂದೆ ಪಟಕ ಸುತ್ತಿದ ಹಿರಿಯರು. ಉಚ್ಚಂಗೆಮ್ಮ ಮಾತ್ರ ಹಿಂದಿನ ಸೀಟಿನಲ್ಲಿ ಸೆರಗು ಬಿಗಿದು ಕೂತಿದ್ದಳು. ಗಾದಿಲಿಂಗಪ್ಪ ಹತ್ತಿರ ಹೋದ. “ಇಳಿಯಬೇ” ಎಂದ. ಆಕೆ ಟೀವಿಯ ಕಡೆ ಮುಖ ತಿರುಗಿಸಿದಳು.

“ಮಾವ ಅಂತ ನೋಡಂಗಿಲ್ಲ ನಾನು! ನಮ್ಮಕ್ಕನ ಮಾನ ಕೇಬಲ್ಲಿಗೆ ಹಾಕ್ಯಾನ. ಪಂಚಾಯ್ತಿ ಆಗಬೇಕು, ಈಗಲಾ!” ಎಂದು ಪಾಲಣ್ಣ ತೋಳು ಏರಿಸಿದ.

ಜಂಬಯ್ಯ ಕೋಲು ಎತ್ತಿದರು. “ಆಗಲಿ. ಆದ್ರ ಅರ್ಧ ಕತಿ ಕೇಳಿ ತೀರ್ಪು ಕೊಡೋದು ನಮ್ಮ ವಂಶದಾಗಿಲ್ಲ. ಎರಡನೇ ಸಿಡಿ ಹಾಕ್ರಿ. ಆಕಿ ಮನಿಗಿ ಬಂದ್ಲಾ, ಇಲ್ಲಾ ನೋಡೋಣ. ಅದರ ಮ್ಯಾಲ ನನ್ನ ತೀರ್ಪು.”

ಹೊಳಲಿನ ಹಿರಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ನ್ಯಾಯವಾಗಿದೆ ಎಂದು ತಲೆದೂಗಿದರು. ಅಂಜಿನೇಯಲು ಸೆಂಟ್ರಲ್ ಗೌರ್ಮೆಂಟಿನ ಪರವಾಗಿ ಒಂದು ಕುರ್ಚಿ ಹಾಕಿಸಿಕೊಂಡರು.

ಗಾದಿಲಿಂಗಪ್ಪ ಮೆಟ್ಟಿಲು ಹತ್ತುವಾಗ ನನ್ನ ಕೈ ಹಿಡಿದುಕೊಂಡ, ನಾನೂ ಮೇಲೆ ಹೋದೆ. “ಏನಾರ ಬರಲಿ, ಆಕಿ ಮನಿಗಿ ಬಂದ್ಲು ಅಂತ ಹೇಳ್ತೀನಿ,” ಎಂದು ಪಿಸುಗುಟ್ಟಿದ. ಹುಲುಗೇಶ ಸಿಡಿ ಹಾಕಿದ. ಪರದೆ ಬೆಳಗಿತು. ಸೇತುವೆ, ಮಳೆ, ಅದೇ ಬಣ್ಣದ ಬಸ್ಸು. ಎಲ್ಲಾ ಸರಿಯಾಗಿದೆ ಎಂದು ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಹೊಳೆಯೊಳಗಿಂದ ಒಂದು ಬಾಲ ಎದ್ದು ಬಸ್ಸಿಗೆ ಸುತ್ತಿಕೊಂಡಿತು.

ಹೊಸಪೇಟೆಯ ಅಂಗಡಿಯವನು ಸಿಡಿಗಳನ್ನು ಅದಲುಬದಲು ತುಂಬಿದ್ದ. ಡಬ್ಬಿ ಗಂಡಹೆಂಡತಿಯದು, ಒಳಗಿದ್ದದ್ದು ಇನ್ಯಾವುದೋ ರಕ್ಕಸನ ಪಿಕ್ಚರಿನ ದ್ವಿತೀಯಾರ್ಧ.

“ಇವ ಹಲವಾಗಲದಾವನ ತಮ್ಮ!” ಎಂದು ಕೆಳಗೆ ಯಾರೋ ಗುರುತು ಹಿಡಿದರು.

“ಉಚ್ಚಂಗೆಮ್ಮ ಬಸ್ಸಿನ್ಯಾಗ ಅದಾಳ!” ಎಂದು ಜಂಬಕ್ಕ ಎದೆ ಬಡಿದುಕೊಂಡಳು. ಆಕೆಯ ಬೆನ್ನ ಹಿಂದೆಯೇ ಟ್ರಾಕ್ಸಿನಲ್ಲಿ ಉಚ್ಚಂಗೆಮ್ಮ ಕೂತಿದ್ದಳು. ಆದರೂ ಜಂಬಕ್ಕನ ಕಣ್ಣಲ್ಲಿ ನೀರು ನಿಜವಾಗಿತ್ತು.

“ನಮ್ಮಕ್ಕನ್ನ ರಕ್ಕಸಗ ಕೊಟ್ಟೇನಲೇ?” ಪಾಲಣ್ಣ ಮೆಟ್ಟಿಲ ಕಡೆ ನುಗ್ಗಿದ. ಹಿರಿಯರು ಅವನ ಅಂಗಿ ಹಿಡಿದರು.

ಗಾದಿಲಿಂಗಪ್ಪ ಬೆವರು ಒರೆಸಿಕೊಂಡು ಮೈಕು ಹಿಡಿದ. ಪರದೆಯ ಮೇಲೆ ಒಬ್ಬ ಗಂಡಸು ಕಬ್ಬಿಣದ ಸಲಾಕೆ ಹಿಡಿದು ಸೇತುವೆಗೆ ಓಡಿ ಬಂದ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. “ಭಲೈ! ಬಂದಂಥವರು ದಾರು? ನಾನೇ ಗಾದಿಲಿಂಗಪ್ಪ! ಶ್ಯಾವಿಗೆ ಬಿಟ್ಟು ಓಡಿ ಬಂದೆ! ತಲೆ ಎತ್ತದೆ ಕೂತದ್ದು ನನ್ನದೇ ತಪ್ಪು! ನನ್ನ ಹೆಂಡತಿಯನ್ನು ಬಿಡು, ಎಲೈ ರಕ್ಕಸಾ!”

ಜನ ಎದ್ದು ನಿಂತು ಸಿಳ್ಳು ಹೊಡೆದರು. ರಕ್ಕಸ ಕೆಳಗೆ ನೋಡಿತು, ಬಸ್ಸು ಪಕ್ಕಕ್ಕಿಟ್ಟಿತು, ಆ ಗಂಡಸನ್ನು ಎತ್ತಿ ಬಾಯಿಗೆ ಹಾಕಿ ನುಂಗಿಬಿಟ್ಟಿತು.

ಗಾದಿಲಿಂಗಪ್ಪ ಮೈಕನ್ನು ಬಾಯಿಂದ ಕೆಳಗಿಳಿಸಿದ. ತನ್ನ ಸಾವನ್ನು ತಾನೇ ಸಾರುವುದು ಯಾವ ಸಾರಥಿಗೂ ಬಂದ ಕಷ್ಟವಲ್ಲ. ಕೆಳಗೆ ಪಂಪಮ್ಮ, “ಮೊನ್ನಿ ಹೋಳಿಗಿ ಕೊಟ್ಟಿದ್ದೆ, ಅದಾ ಕಡೀದು” ಎಂದು ಮೂಗು ಒರೆಸಿಕೊಂಡಳು. ಪಾಲಣ್ಣ ಕೂಡ ತೋಳು ಇಳಿಸಿದ. ಸತ್ತವನ ಮೇಲೆ ಏನು ಹಗೆ?

ಪರದೆಯ ಮೇಲೆ ಒಬ್ಬ ಹೆಂಗಸು, ಡಾಕ್ಟರೋ ಏನೋ, ಬಿಳಿ ಕೋಟು ಹಾಕಿಕೊಂಡು ಒಬ್ಬಳೇ ರಕ್ಕಸನ ಎದುರಿಗೆ ನಡೆದು ಬಂದಳು. ಗಾದಿಲಿಂಗಪ್ಪನಿಗೆ ಬೇರೇನೂ ತೋಚಲಿಲ್ಲ. ಇಷ್ಟು ವರ್ಷದ ರೂಢಿ ತಾನೇ ಬಾಯಿ ತೆರೆಸಿತು. “ತಾಯಿ,” ಎಂದ, “ಬಂದಂಥವರು ದಾರು? ಸ್ಥಳ ಯಾವುದು? ಬಂದ ಕಾರಣವೇನು?”

ಕೇಳಿದ, ಉತ್ತರ ಹೇಳಲು ಅವನಿಂದ ಆಗಲಿಲ್ಲ. ಹಿಂದಿನ ಸಲ ಈ ಪ್ರಶ್ನೆಗೆ ಉತ್ತರ ಹೇಳಿಯೇ ಕೆಟ್ಟಿದ್ದ. ನನಗೆ ಮೆಟ್ಟಿಲ ಮೇಲೆ ಬಳೆಯ ಸದ್ದು ಕೇಳಿಸಿತು. ಉಚ್ಚಂಗೆಮ್ಮ ಒಳಗೆ ಬಂದು ಗಂಡನ ಕೈಯಿಂದ ಮೈಕು ಕಿತ್ತುಕೊಂಡಳು.

“ಉಚ್ಚಂಗೆಮ್ಮ,” ಎಂದಳು. “ಸ್ಥಳ ಕಾನಹೊಸಹಳ್ಳಿ.”

ಗಾದಿಲಿಂಗಪ್ಪ ಹೆಂಡತಿಯನ್ನೇ ನೋಡುತ್ತಿದ್ದ. ಮೂರನೇ ಪ್ರಶ್ನೆಯನ್ನು ಮತ್ತೆ ಕೇಳಿದ, ಮೈಕಿಲ್ಲದೆ, ಬರೀ ಬಾಯಲ್ಲಿ. “ಬಂದ ಕಾರಣ?”

“ಮನಿಗಿ ಬರಾಕ ಕಾರಣ ಯಾಕ ಬೇಕು?” ಎಂದಳು ಉಚ್ಚಂಗೆಮ್ಮ. ಆಮೇಲೆ ಪರದೆಯ ಕಡೆ ತಿರುಗಿ ಗುಡುಗಿದಳು. “ಲೇ ರಕ್ಕಸ! ಉಗುಳಲೇ ನನ್ನ ಗಂಡನ್ನ! ಆತನ ಕೂಡ ನನಗ ಮಾತಾಡೋದು ಭಾಳ ಐತಿ!”

ರಕ್ಕಸನಿಗೆ ಅವರ ದೇಶದಲ್ಲಿ ಏನು ಔಷಧ ಕೊಟ್ಟಿದ್ದರೋ, ಅದರ ಹೊಟ್ಟೆ ಅದೇ ಹೊತ್ತಿಗೆ ತೊಳಸಿತು. ಬಾಯಿ ತೆರೆದು ನುಂಗಿದ್ದನ್ನೆಲ್ಲ ಸೇತುವೆಯ ಮೇಲೆ ಕಾರಿತು. ಸಲಾಕೆಯ ಗಂಡಸು ಅಂಟುಅಂಟಾಗಿ ಎದ್ದು ಕೂತ. ಬ್ರಹ್ಮಾಂಡ ಬಿರಿದಂತೆ ಸಿಳ್ಳು. ಹೊಳಲಿನವರು ಪಟಕ ಬಿಚ್ಚಿ ಬೀಸಿದರು. ಜಂಬಕ್ಕ ಆರತಿ ತರಲು ಓಡಿದಳು. ಹುಲುಗೇಶ ಅವಳಿಗಿಂತ ಮೊದಲೇ ಕೆಳಗೆ ಓಡಿ ಟೀವಿಗೆ ಗೋಣಿಚೀಲ ಹೊದಿಸಿದ.

ಜಂಬಯ್ಯ ತೀರ್ಪು ಕೊಟ್ಟರು. “ರಕ್ಕಸಗ ತಿಳಿದದ್ದು ಹೊಳಲಿನವರಿಗೆ ತಿಳೀಬೇಕು. ಏಳ್ರಿ, ಊಟಕ್ಕ.” ಊಟ ಗಾದಿಲಿಂಗಪ್ಪನ ಮನೆಯಲ್ಲೇ ಆಯಿತು. ಉಚ್ಚಂಗೆಮ್ಮ ಬಡಿಸುತ್ತ ಉಪ್ಪಿನಕಾಯಿ ಗಡಿಗೆಯ ಮುಚ್ಚಳ ತೆಗೆದು ನೋಡಿದಳು. ಅವತ್ತಿನ ನಿಜವಾದ ಪಂಚಾಯ್ತಿ ನಡೆದದ್ದು ಆಮೇಲೆ, ಅದಕ್ಕೆ ನಾವು ಯಾರೂ ಇರಲಿಲ್ಲ.

ಈಗ ಆ ಭಾನುವಾರಗಳು ಇಲ್ಲ. ನನ್ನ ಬೂತು ಜೆರಾಕ್ಸ್ ಅಂಗಡಿಯಾಗಿದೆ. ಹುಲುಗೇಶನ ತಂತಿಗಳು ಕಂಬದ ಮೇಲೆ ಜೋತುಬಿದ್ದಿವೆ. ಎಲ್ಲರ ಕೈಯಲ್ಲೂ ಒಂದೊಂದು ಟೀವಿ, ಒಬ್ಬರು ನೋಡುವುದನ್ನು ಇನ್ನೊಬ್ಬರು ಕೇಳುವುದಿಲ್ಲ. ಜನ ಒಟ್ಟಿಗೆ ಕೂತು ತಪ್ಪು ತಿಳಿದುಕೊಳ್ಳುವ ಸುಖವೇ ಹೋಗಿಬಿಟ್ಟಿತು ಎಂದು ನನಗೆ ಎಷ್ಟೋ ಸಲ ಅನ್ನಿಸುತ್ತದೆ.

ಹೋದ ಬೇಸಿಗೆಯಲ್ಲಿ ಫೋನಿನಲ್ಲಿ ಏನೋ ಹುಡುಕುತ್ತಿದ್ದಾಗ ಆ ಅಡುಗೆಮನೆ, ಆ ಶ್ಯಾವಿಗೆ ಮತ್ತೆ ಕಣ್ಣಿಗೆ ಬಿತ್ತು. ಅದೇ ಸಿನಿಮಾ, ಪೂರ್ತಿ. ತಡೆಯಲಾರದೆ ಎತ್ತಿಕೊಂಡು ಗಾದಿಲಿಂಗಪ್ಪನ ಮನೆಗೆ ಹೋದೆ. ಇಬ್ಬರಿಗೂ ಈಗ ಕೂದಲು ಬೆಳ್ಳಗಾಗಿದೆ. “ಎರಡನೇ ಸಿಡಿ ಸಿಕ್ಕೈತಿ” ಎಂದೆ. ಫೋನನ್ನು ಕಡಲೆ ಡಬ್ಬಿಗೆ ಒರಗಿಸಿ ಮೂವರೂ ಕೂತು ನೋಡಿದೆವು. ಆಕೆ ಬರಲೇ ಇಲ್ಲ. ರಕ್ಕಸನೂ ಬರಲಿಲ್ಲ. ಆ ಗಂಡಸು ಅದೇ ಮೇಜಿಗೆ ದಿನಾ ಎರಡು ಬಟ್ಟಲು ಇಡುತ್ತಾನೆ, ಒಂದರಲ್ಲಿ ಉಣ್ಣುತ್ತಾನೆ. ಮಳೆ ಬರುತ್ತದೆ. ಅಷ್ಟೇ.

ಉಚ್ಚಂಗೆಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡಳು. “ಪಾಪ, ಆ ಊರಾಗ ಕೇಳಾವರು ಯಾರೂ ಇಲ್ಲೇನು?”

ಗಾದಿಲಿಂಗಪ್ಪ ಗಂಟಲು ಸರಿಪಡಿಸಿಕೊಂಡ. ಹಲ್ಲು ಹೋಗಿವೆ, ಆದರೂ ಸಾರಥಿಯ ದನಿ ಎಲ್ಲೋ ಒಳಗೆ ಉಳಿದಿತ್ತು. ಫೋನಿನ ಮೇಲೆ ಬಗ್ಗಿ ಕೇಳಿದ. “ಭಲೈ! ಬಾಗಿಲಿಗೆ ಬಂದಂಥವರು ದಾರು?”

ಪರದೆಯ ಮೇಲಿನ ಗಂಡಸು ಉಣ್ಣುವುದನ್ನು ನಿಲ್ಲಿಸಿ, ಮೊದಲ ಸಲ ತಲೆ ಎತ್ತಿ ಬಾಗಿಲ ಕಡೆ ನೋಡಿದ. ಸಿನಿಮಾ ಅಲ್ಲಿಗೆ ಮುಗಿಯಿತು.

“ಬಂದ್ಲು ಬಿಡ್ರಿ,” ಎಂದು ಹೇಳಿ ಉಚ್ಚಂಗೆಮ್ಮ ಚಹಾ ಇಡಲು ಎದ್ದಳು.